ಗಡ್ಡಪ್ಪನ ಮಗನೂ ನಮ್ಮ ಮನೆಯವರೂ

ಸಿನಿಮಾ ಎಂದರೆ ನಮ್ಮ ಅತ್ತೆಯವರಿಗೆ ರಾಜಕುಮಾರ್ ಒಬ್ಬರೇ. ಅವರ ಹಿಂದೆ ಬಂದವರೆಲ್ಲ ಅತ್ತೆಯ ಲೆಕ್ಕದಲ್ಲಿ "ಏನೋ ಕುಣೀತವೆ ಹುಡುಗ್ರು" ಅಷ್ಟೆ. ಅಂಥವರು ಬಿಡಿಸುತ್ತಿದ್ದ ಅವರೆಕಾಯಿಯನ್ನು ಮರದಲ್ಲೇ ಬಿಟ್ಟು ಎರಡು ಗಂಟೆ ಕದಲದೆ ಕೂತರು ಎಂದರೆ ನೀವು ನಂಬಬೇಕು. ಬೆಂಗಳೂರಿನಿಂದ ಬಂದಿದ್ದ ಮೈದುನನ ಮಗ ಕಂಪ್ಯೂಟರಿನಲ್ಲಿ ಹಚ್ಚಿದ್ದು 'ತಿಥಿ'. ಹೆಸರು ಕೇಳಿದ ಕೂಡಲೇ "ದೀಪ ಹಚ್ಚೋ ಹೊತ್ನಲ್ಲಿ ಅದೇನ್ ಹೆಸರ್ಲಾ ಅದು" ಎಂದು ಅತ್ತೆ ಅವನನ್ನು ಗದರಿದ್ದೂ ಉಂಟು.

ನಿಮ್ಮಲ್ಲಿ ಬಹಳ ಮಂದಿ ನೋಡಿರಬಹುದು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಪಡೆದು, ಆಮೇಲೆ ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ತೆಗೆದುಕೊಂಡು, 2016ರ ಮೇ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿ ತೆರೆಕಂಡಿತು. ನಿರ್ದೇಶಕ ರಾಮ್ ರೆಡ್ಡಿ, ಕಥೆ ಹೆಣೆದವರಲ್ಲಿ ಮುಖ್ಯರು ಈರೇಗೌಡ. ಈರೇಗೌಡರ ಊರು ಮಂಡ್ಯ ಜಿಲ್ಲೆಯ ನೊದೆಕೊಪ್ಪಲು. ಚಿತ್ರ ನಡೆಯುವುದೂ ಅಲ್ಲೇ. ಕಡಿಮೆ ಖರ್ಚಿನ ಚಿತ್ರ. ಸೆಟ್ಟಿಲ್ಲ, ಬಣ್ಣದ ಬೆಳಕಿಲ್ಲ, ಮರ ಸುತ್ತುವ ಹಾಡಿಲ್ಲ. ತಾರೆಯರಂತೂ ಇಲ್ಲವೇ ಇಲ್ಲ. ಕಥೆ ಬರೆದು ಆಮೇಲೆ ನಟರನ್ನು ಹುಡುಕುವುದು ಲೋಕಾರೂಢಿ. ಇವರು ಊರಿನ ಮುಖಗಳನ್ನು ಮೊದಲು ನೋಡಿಕೊಂಡು, ಆ ಮುಖಕ್ಕೆ ಒಪ್ಪುವಂತೆ ಪಾತ್ರ ಬರೆದರು. ರೆಡಿಮೇಡ್ ರವಿಕೆಗೂ, ಅಳತೆ ಕೊಟ್ಟು ಹೊಲಿಸಿದ್ದಕ್ಕೂ ಇರುವ ವ್ಯತ್ಯಾಸ ನಮಗೆ ಹೇಳಿಕೊಡಬೇಕೆ?

ಸೆಂಚುರಿ ಗೌಡ ಆದವರು ಸಿಂಗ್ರಿಗೌಡರು. ನೂರೊಂದು ವರ್ಷದ ಮುದುಕ, ಹಾದಿಯಲ್ಲಿ ಹೋಗುವ ಬರುವವರನ್ನೆಲ್ಲ ಬಾಯಿಗೆ ಬಂದಂತೆ ಬೈದು, ಚಿತ್ರ ಶುರುವಾದ ಸ್ವಲ್ಪ ಹೊತ್ತಿಗೇ ಸತ್ತುಹೋಗುತ್ತಾನೆ. ಅಷ್ಟು ಹೊತ್ತಿನ ಪಾತ್ರಕ್ಕೆ ಅಷ್ಟು ಹೆಸರು! ಬೈಗುಳ ಕೇಳಿ ನಾನು ಕಿವಿ ಮುಚ್ಚಿಕೊಳ್ಳುವ ಹಾಗೆ ಮಾಡಿದರೆ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಅವನ ಮಗ ಗಡ್ಡಪ್ಪ. ಆ ಪಾತ್ರ ಚನ್ನೇಗೌಡರದು. ಮನೆ, ಮಠ, ಆಸ್ತಿ ಯಾವುದೂ ಬೇಡ. ಗಡ್ಡ ನೀವಿಕೊಳ್ಳುತ್ತಾ, ಬ್ರಾಂದಿ ಬಾಟ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಲದ ಬದುವಿನ ಮೇಲೆ ನಡೆಯುತ್ತಲೇ ಇರುತ್ತಾನೆ. ಆದರೆ ಕುರಿಗಾಹಿಗಳ ಬಿಡಾರದಲ್ಲಿ ಕೂತು ತನ್ನ ಹಳೆಯ ಸಂಸಾರದ ನೋವನ್ನು ಹೇಳಿಕೊಳ್ಳುತ್ತಾನಲ್ಲ, ಆಗ ನಗುತ್ತಿದ್ದ ನಮ್ಮ ಮನೆ ಸದ್ದಿಲ್ಲದಂತಾಯಿತು. ಚನ್ನೇಗೌಡರು ಅಳಲಿಲ್ಲ, ದನಿ ಏರಿಸಲಿಲ್ಲ. ಯಾರದೋ ಮನೆಯ ಸುದ್ದಿ ಹೇಳುವಂತೆ ಹೇಳಿದರು. ನಮ್ಮ ಹಿರಿಯರು ದುಃಖ ಹೇಳುತ್ತಿದ್ದುದೂ ಹಾಗೇ ಅಲ್ಲವೇ?

ಎಲ್ಲರೂ ಈ ಇಬ್ಬರನ್ನೇ ಕೊಂಡಾಡಿದರು. ನನಗೆ ಮಾತ್ರ ಮನಸ್ಸಿನಲ್ಲಿ ನಿಂತವರು ಗಡ್ಡಪ್ಪನ ಮಗ ತಮ್ಮಣ್ಣನಾದ ತಮ್ಮೇಗೌಡರು. ಅಜ್ಜ ಸತ್ತ, ಹನ್ನೊಂದನೇ ದಿನ ಊರಿಗೆಲ್ಲ ಬಾಡೂಟ ಹಾಕಬೇಕು, ಕೈಯಲ್ಲಿ ಕಾಸಿಲ್ಲ. ಐದೆಕರೆ ಜಮೀನು ಅಜ್ಜನ ಹೆಸರಿನಲ್ಲಿದೆ, ಅಪ್ಪ ರುಜು ಹಾಕಲು ಒಲ್ಲ. "ನಂಗ್ಯಾಕೆ" ಎಂದು ಅಪ್ಪ ಬೀಡಿ ಹಚ್ಚಿದರೆ ಮಗನ ಗತಿ ಏನು? ಕಡೆಗೆ ಬದುಕಿರುವ ಅಪ್ಪನನ್ನೇ ಸತ್ತನೆಂದು ಕಾಗದ ಮಾಡಿಸುವ ತನಕ ಅವನು ಹೋಗುತ್ತಾನೆ. ಚಿತ್ರಪೂರ್ತಿ ತಮ್ಮೇಗೌಡರ ಹುಬ್ಬು ಸಡಿಲವಾಗುವುದೇ ಇಲ್ಲ. ಆ ಗಂಟು ನನಗೆ ಚೆನ್ನಾಗಿ ಗೊತ್ತು. ಎಂಟು ವರ್ಷ ಅದನ್ನು ನಮ್ಮ ಮನೆಯವರ ಹಣೆಯ ಮೇಲೆ ನೋಡಿದ್ದೇನೆ.

ನಾವಿರುವುದು ಅರಸೀಕೆರೆಯಲ್ಲಿ. ಜಮೀನಿರುವುದು ಜಾವಗಲ್ ದಾಟಿ ಹಳೇಬೀಡಿಗೆ ಹೋಗುವ ದಾರಿಯಲ್ಲಿ. ಮೂರೆಕರೆ ಹೊಲ, ಒಂದಿಷ್ಟು ತೆಂಗು. ಪಹಣಿಯಲ್ಲಿ ಇದ್ದದ್ದು ನಮ್ಮ ಮಾವನವರ ತಂದೆಯ ಹೆಸರು. ಅವರು ತೀರಿಕೊಂಡರು, ಮಾವನವರೂ ತೀರಿಕೊಂಡರು, ಹೆಸರು ಮಾತ್ರ ಕಲ್ಲಿನಂತೆ ಅಲ್ಲೇ ಕೂತಿತ್ತು. ಮಗಳ ಓದಿಗೆ ಆ ಜಮೀನಿನ ಮೇಲೆ ಸಾಲ ತೆಗೆಯೋಣವೆಂದರೆ ಮೊದಲು ಪೌತಿ ಖಾತೆ ಆಗಬೇಕು. ಅದಕ್ಕೆ ವಂಶವೃಕ್ಷ ಬೇಕು, ಮರಣಪತ್ರ ಬೇಕು, ಪಾಲುದಾರರ ಒಪ್ಪಿಗೆ ಬೇಕು. ಒಪ್ಪಿಗೆ ಕೊಡಬೇಕಾದ ಚಿಕ್ಕಮಾವನವರು ಇರುವುದು ಬೇಲೂರಿನಲ್ಲಿ. ಜಗಳಗಂಟರಲ್ಲ, ಆಸೆಬುರುಕರಲ್ಲ. ಹೋದರೆ ಕಾಫಿ ಕೊಡಿಸಿ, "ಹಾಕಿದ್ರಾಯ್ತು ಬುಡಪ್ಪ, ಭೂಮಿ ಎಲ್ಗೋಯ್ತದೆ" ಎಂದು ಬಸ್ ಹತ್ತಿಸಿ ಕಳಿಸುವರು. ಹೀಗೆ ಎಂಟು ವರ್ಷ!

ಚಿತ್ರ ನೋಡುತ್ತಿದ್ದ ಅತ್ತೆ ಪೂರಾ ಗಡ್ಡಪ್ಪನ ಪಕ್ಷ. "ಪಾಪ, ಆ ಮುದುಕನ್ನ ಯಾಕಂಗೆ ಗೋಳು ಹುಯ್ಕಂತಾನೆ" ಎಂದು ತಮ್ಮಣ್ಣನಿಗೆ ಶಾಪ ಹಾಕುತ್ತಿದ್ದರು. ನಮ್ಮ ಮನೆಯವರು ಒಂದೂ ಮಾತಾಡದೆ ಎದ್ದು ಹೊರಗೆ ಹೋದರು. ನಾನು ತಡೆಯಲಾರದೆ "ಅತ್ತೆ, ಅಂವ ಯಾರಿಗೋಸ್ಕರ ಓಡಾಡ್ತಾವ್ನೆ ಹೇಳಿ" ಎಂದೆ. ಅತ್ತೆ ನನ್ನ ಮುಖ ನೋಡಿದರು, ಬಾಗಿಲ ಕಡೆ ನೋಡಿದರು. ಮಾರನೇ ಭಾನುವಾರ ತಾವೇ ಸೀರೆ ಬದಲಾಯಿಸಿ ಬೇಲೂರಿನ ಬಸ್ಸಿಗೆ ಹೊರಟು ನಿಂತರು. ಮೈದುನನ ಮನೆಯಲ್ಲಿ ಅವರು ಏನು ಹೇಳಿದರೋ, ಸೆಂಚುರಿ ಗೌಡನ ಬಾಯಿ ಎರವಲು ತಂದುಕೊಂಡರೋ, ಅಂತೂ ರುಜು ಬಿತ್ತು. ಹೊಸ ಪಹಣಿ ಬಂದ ದಿನ ಅದರಲ್ಲಿ ತಮ್ಮ ಹೆಸರಿರುವ ಸಾಲನ್ನು ನನ್ನಿಂದ ಎರಡು ಸಲ ಓದಿಸಿದರು.

ಹೆಸರಿನ ಮಾತು ಬಂತಲ್ಲ. ಬೇಲೂರಿಗೆ ಹೋದಾಗಲೆಲ್ಲ ಚೆನ್ನಕೇಶವನಿಗೆ ಕೈಮುಗಿದು ಬರುವುದು ರೂಢಿ. ಆ ಮದನಿಕೆಯರ ಕೆಳಗೆ ಕೆತ್ತಿದವರು ತಮ್ಮ ಹೆಸರು ಬರೆದುಕೊಂಡಿದ್ದಾರೆ: ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಒಂಬೈನೂರು ವರ್ಷದ ಹಿಂದಿನ ಕೂಲಿಕಾರನ ಹೆಸರು ಇವತ್ತಿಗೂ ಓದಬಹುದು. ನಮ್ಮ ಕಾಲದ ಚನ್ನೇಗೌಡರನ್ನು ಆ ಹೆಸರಿನಿಂದ ಕರೆದರೆ ನಾಲ್ಕು ಜನಕ್ಕೆ ಗುರುತು ಸಿಗಲಿಕ್ಕಿಲ್ಲ. 'ತಿಥಿ' ಬಂದಮೇಲೆ ಅವರು ಊರಿಗೆಲ್ಲ ಗಡ್ಡಪ್ಪನೇ.

ಚಿತ್ರದಲ್ಲಿ ಹೆಂಗಸರಿಗೆ ಜಾಗ ಕಡಿಮೆ ಎಂಬುದು ನನ್ನ ಆಕ್ಷೇಪ. ಕುರಿ ಮೇಯಿಸುವ ಕಾವೇರಿಯಾಗಿ ಪೂಜಾ ಎಂಬ ಹುಡುಗಿ ಲಕ್ಷಣವಾಗಿ ಮಾಡಿದ್ದಾಳೆ, ತಮ್ಮಣ್ಣನ ಮಗ ಅಭಿಯಾಗಿ ಅಭಿಷೇಕ್ ಅವಳ ಹಿಂದೆ ಅಲೆಯುತ್ತಾನೆ. ಬಡ್ಡಿಗೆ ದುಡ್ಡು ಕೊಡುವ ಹೆಂಗಸಿನ ಗತ್ತೂ ಚೆನ್ನ. ಆದರೆ ಊರಿಗೆಲ್ಲ ಊಟ ಹಾಕುವ ಮನೆಯಲ್ಲಿ ಈರುಳ್ಳಿ ಹೆಚ್ಚಿದವರು, ಮಸಾಲೆ ಅರೆದವರು, ಮುದ್ದೆ ಕಟ್ಟಿದವರ ಕಥೆಯನ್ನು ಯಾರಾದರೂ ಇನ್ನೊಂದು ಚಿತ್ರ ಮಾಡಬಾರದೆ?

ಆಮೇಲೆ ಈ ಮುದುಕರಿಗೆ ಬೇರೆ ಚಿತ್ರಗಳವರೂ ಬುಲಾವ್ ಕೊಟ್ಟರು. 2016ರಲ್ಲೇ 'ತರ್ಲೆ ವಿಲೇಜ್' ಬಂತು. ಅದೇ ಗಡ್ಡಪ್ಪ, ಅದೇ ಸೆಂಚುರಿ ಗೌಡ, ಹೆಚ್ಚು ತಮಾಷೆ. ನನಗೇಕೋ ರುಚಿಸಲಿಲ್ಲ. 'ತಿಥಿ'ಯಲ್ಲಿ ಅವರು ನಮ್ಮನ್ನು ನಗಿಸಲು ಹೊರಟಿರಲಿಲ್ಲ, ತಮ್ಮ ಪಾಡಿಗೆ ತಾವಿದ್ದರು. ನಗಿಸಿ ಎಂದು ಹೇಳಿ ನಿಲ್ಲಿಸಿದ ಮೇಲೆ ಆ ಸೊಗಸು ಎಲ್ಲಿ ಬರಬೇಕು? ಹಾಗೆಂದು ಇಳಿವಯಸ್ಸಿನಲ್ಲಿ ನಾಲ್ಕು ಕಾಸು, ನಾಲ್ಕು ಜನರ ಮರ್ಯಾದೆ ಸಿಕ್ಕಿದ್ದಕ್ಕೆ ಬೇಡ ಎನ್ನಲು ನಾವು ಯಾರು?

ಈಗ ಆ ಇಬ್ಬರೂ ಇಲ್ಲ. ಸಿಂಗ್ರಿಗೌಡರು 2025ರ ಮೊದಲಲ್ಲಿ ಹೋದರು, ಚನ್ನೇಗೌಡರು ಅದೇ ವರ್ಷದ ಕಡೆಯಲ್ಲಿ. ಎರಡನೆಯ ಸುದ್ದಿ ಬಂದ ದಿನ ನಾನು ಪತ್ರಿಕೆ ಹಿಡಿದುಕೊಂಡು ಹಿತ್ತಲಿಗೆ ಹೋಗಿ ಹೇಳಿದೆ. ಅತ್ತೆ ಒಣಹಾಕಿದ್ದ ಕೊಬ್ಬರಿ ಮಗುಚುತ್ತಿದ್ದವರು ಕೈ ನಿಲ್ಲಿಸಿದರು. "ಗಡ್ಡಪ್ಪನಾ? ಅಯ್ಯೋ ಶಿವನೇ..." ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹನ್ನೊಂದನೇ ದಿನಕ್ಕೆ ಜೋರಾಗೇ ಊಟ ಹಾಕ್ತಾರೆ ಬುಡು, ಊರೆಲ್ಲ ಬತ್ತದೆ" ಎಂದರು. ಆಮೇಲೆ ನನ್ನ ಕೈಗೆ ಮರ ಕೊಟ್ಟು, ಮೋಡ ಕವಿಯುವುದರೊಳಗೆ ಕೊಬ್ಬರಿ ಒಳಗೆ ಹಾಕು ಎಂದರು.