‘ಯಾರನ್ನ ಕೇಳೂದು, ತಮ್ಮಾ?’

2024ರ ದಸರೆ ಮುಗಿದ ವಾರ ನಮ್ಮ ಓಣಿಗೆ ಜೆಸಿಬಿ ಬಂತು. ನಳದ ಪೈಪ್ ಹಾಕಲಿಕ್ಕೆ. ನಾವೆಲ್ಲ ಖುಷಿಯಿಂದಲೇ ನಿಂತು ನೋಡಿದೆವು. 2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಘೋಷಣೆ ಆದಾಗ 2024ರೊಳಗೆ ಮನೆಮನೆಗೂ ನಳ, ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಅಂದಿದ್ದರು. ಗಡುವು ಮುಗಿಯಲು ಎರಡೂವರೆ ತಿಂಗಳಿರುವಾಗ ನಮ್ಮ ಪಾಳಿ ಬಂದಿತ್ತು.

ಇದ್ದ ಒಂದು ಸಿಮೆಂಟ್ ರಸ್ತೆಯನ್ನು ನಟ್ಟನಡುವೆ ಸೀಳಿದರು. ಪೈಪ್ ಇಳಿಸಿದರು. ಮೇಲೆ ಸ್ವಲ್ಪ ಮಣ್ಣು ಎಳೆದರು. ಗಾಡಿ ಹೊರಟುಹೋಯಿತು. ಹಿಂಗಾರಿ ಮಳೆಗೆ ಆ ಮಣ್ಣು ಕುಸಿದು ಓಣಿಯುದ್ದಕ್ಕೂ ಮೊಣಕಾಲುದ್ದ ತಗ್ಗು ಉಳಿಯಿತು.

ಛಟ್ಟಿ ಅಮಾವಾಸ್ಯೆಯ ರಾತ್ರಿ ಕರೆಂಟ್ ಹೋಗಿತ್ತು. ಮೂಲಿಮನಿ ದೊಡ್ಡವ್ವ ಆಕಳಿಗೆ ಮೇವು ಹಾಕಿ ಬರುವಾಗ ಆ ತಗ್ಗಿನಲ್ಲಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಮುಂದೆ ಮೆಣಸಿನಕಾಯಿ ಬಿಡಿಸುವ ಸುಗ್ಗಿ. ಗಂಡನಿಲ್ಲದ ಆಕೆಗೆ ವರ್ಷದ ಕೈಕಾಸು ಅಂದರೆ ಆ ಎರಡು ತಿಂಗಳ ಕೂಲಿ. ಮರುದಿನ ಪಟ್ಟಿ ಹಾಕಿಸಿಕೊಂಡು ಬಂದು ಕಟ್ಟೆ ಮೇಲೆ ಕೂತು ನಮಗೆ ಕೇಳಿದಳು: “ನೀ ಪೇಪರಿಗೆ ಬರಿಯಾಂವ. ನೀನ ಹೇಳು. ಇದನ್ನ ಯಾರನ್ನ ಕೇಳೂದು, ತಮ್ಮಾ?”

ಇಷ್ಟು ವರ್ಷ ಸುದ್ದಿ ಕಳಿಸಿದ ನಮಗೆ ಉತ್ತರ ಗೊತ್ತಿರಬೇಕಿತ್ತು. ಗೊತ್ತಿರಲಿಲ್ಲ.

ಕೇಳುತ್ತ ಹೋದೆವು. ವಾರ್ಡ್ ಮೆಂಬರ್ ಪಿಡಿಒ ಕಡೆ ಕೈ ತೋರಿಸಿದರು. ಪಿಡಿಒ, “ಇದು ಪಂಚಾಯ್ತಿ ಕೆಲಸ ಅಲ್ರಿ, ಮ್ಯಾಲಿನ ಟೆಂಡರ್” ಅಂದರು. ತಾಲ್ಲೂಕಿನ ಎಂಜಿನಿಯರು ಗುತ್ತಿಗೆದಾರನ ಹೆಸರು ಹೇಳಿದರು. ಗುತ್ತಿಗೆದಾರನ ಸೂಪರ್‌ವೈಸರ್ ಎರಡು ಸಲ ಫೋನ್ ಎತ್ತಿದ, ಮೂರನೇ ಸಲಕ್ಕೆ ಸ್ವಿಚ್ ಆಫ್. ಶಾಸಕರ ಆಪ್ತ ಸಹಾಯಕರು “ಸಾಹೇಬ್ರ ಕಿವಿಗೆ ಹಾಕ್ತೀನಿ” ಅಂದರು. ಹಾಕಿದರೋ ಇಲ್ಲವೋ ಆ ಕಿವಿಗೇ ಗೊತ್ತು.

ಈ ಸಾಲಿನಲ್ಲಿ ಒಬ್ಬರು ಇಲ್ಲದ್ದನ್ನು ಗಮನಿಸಿದಿರಾ? ಜಿಲ್ಲಾ ಪಂಚಾಯ್ತಿ ಸದಸ್ಯರು. ಮೊದಲಾದರೆ ನಾಲ್ಕು ಊರಿನಾಚೆ ಅವರ ಮನೆ ಇರುತ್ತಿತ್ತು. ಬೆಳಿಗ್ಗೆ ಹೋಗಿ ಅಂಗಳದಲ್ಲಿ ನಿಂತರೆ ಚಹಾ ಕೊಟ್ಟು ಮಾತಾಡಿಸುತ್ತಿದ್ದರು. ಕೆಲಸ ಆಗದಿದ್ದರೆ ಮುಂದಿನ ಎಲೆಕ್ಷನ್‌ನಲ್ಲಿ ನೋಡಿಕೊಳ್ಳುತ್ತಿದ್ದೆವು. ನಮ್ಮ ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿಗೆ ಕೊನೆಯ ಸಲ ಮತ ಹಾಕಿದ್ದು 2016ರ ಫೆಬ್ರವರಿಯಲ್ಲಿ. ಅವಧಿ ಮುಗಿದದ್ದು 2021ರಲ್ಲಿ. ಅಂದಿನಿಂದ ಆಡಳಿತಾಧಿಕಾರಿಗಳದ್ದೇ ಆಡಳಿತ. ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿದೆ: ಪಂಚಾಯ್ತಿಗೆ ಐದು ವರ್ಷ, ಅದು ಮುಗಿಯುವ ಮೊದಲೇ ಹೊಸ ಚುನಾವಣೆ. ಆದರೆ 2021ರಲ್ಲಿ ಕಾನೂನು ತಿದ್ದಿ, ಕ್ಷೇತ್ರದ ಗಡಿ ಗುರುತಿಸುವ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟರು. ಆಮೇಲೆ ಗಡಿ, ಮೀಸಲಾತಿ, ಕೋರ್ಟು ಅಂತ ಎಳೆದಾಟ. ಆಗ ಬಿಜೆಪಿ ಸರ್ಕಾರ, 2023ರಿಂದ ಕಾಂಗ್ರೆಸ್ ಸರ್ಕಾರ. ಬೇರೆ ಎಲ್ಲದಕ್ಕೂ ಜಗಳಾಡುವ ಇವರಿಬ್ಬರೂ ಇದೊಂದರಲ್ಲಿ ಒಂದೇ ಹಾದಿ ಹಿಡಿದಿದ್ದಾರೆ.

ಊರಿನ ಹಿರಿಯರು ಇನ್ನೂ ‘ನೀರ್ ಸಾಬ್’ ಅನ್ನುತ್ತಾರೆ. 1983ರಿಂದ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರಿಗೆ ಆ ಹೆಸರು ಬಂದದ್ದು ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ. 1987ರಲ್ಲಿ ಚುನಾಯಿತ ಜಿಲ್ಲಾ ಪರಿಷತ್ತು ಬಂದದ್ದೂ ಅವರು ಹಟ ಹಿಡಿದ ಕಾನೂನಿನಿಂದಲೇ. ನೀರು ಮತ್ತು ನೀರಿನ ಬಗ್ಗೆ ಕೇಳಲು ಒಬ್ಬ ಮನುಷ್ಯ, ಎರಡನ್ನೂ ಅವರು ಜೋಡಿಯಾಗಿಯೇ ಕೊಟ್ಟರು. ನಮಗೆ ಈಗ ಪೈಪ್ ಬಂದಿದೆ, ಮನುಷ್ಯ ಇಲ್ಲ.

ಮನುಷ್ಯ ಇಲ್ಲದ ಕಡೆ ಸಹಾಯವಾಣಿ ಇರುತ್ತದೆ. ಅಲ್ಲಿಗೂ ಫೋನ್ ಹಚ್ಚಿದೆವು. ಆಗ ನಮ್ಮ ಫೋನಿನಿಂದಲೇ ಒಬ್ಬ ಹೆಣ್ಣುಮಗಳು ಹೇಳಿದಳು, ನಿಮ್ಮ ಪ್ಯಾಕ್‌ನ ಅವಧಿ ಮುಗಿದಿದೆ ಅಂತ. ತಿಂಗಳು ಇನ್ನೂ ಮುಗಿದಿರಲಿಲ್ಲ. ಕಂಪನಿಯ ತಿಂಗಳು ಮುಗಿದಿತ್ತು.

ಅಂಗಡಿ ಕಟ್ಟೆ ಮೇಲೆ ಕೂತು ಲೆಕ್ಕ ಹಾಕಿದೆವು. 365ನ್ನು 28ರಿಂದ ಭಾಗಿಸಿದರೆ 13. ಸಂಬಳ, ಪಿಂಚಣಿ, ಬಡ್ಡಿ ಎಲ್ಲದಕ್ಕೂ ವರ್ಷಕ್ಕೆ 12 ತಿಂಗಳು, ರೀಚಾರ್ಜಿಗೆ ಮಾತ್ರ 13. 2024ರ ಜುಲೈನಲ್ಲಿ ಮೂರೂ ಖಾಸಗಿ ಕಂಪನಿಗಳು ಒಂದೇ ವಾರದಲ್ಲಿ ದರ ಏರಿಸಿದಾಗ ನಮ್ಮ 239ರ ಪ್ಯಾಕ್ 299 ಆಯಿತು. 13 ಸಲಕ್ಕೆ 3,887 ರೂಪಾಯಿ. 12 ಸಲವಾಗಿದ್ದರೆ 3,588. ಆ ಹೆಚ್ಚಿನ 299 ಕ್ಯಾಲೆಂಡರಿನಲ್ಲೇ ಇಲ್ಲದ ತಿಂಗಳಿನದು. ಒಂದು ಮನೆಯಲ್ಲಿ ಮೂರು ಫೋನ್ ಇದ್ದರೆ ನೀವೇ ಗುಣಿಸಿ.

ದೊಡ್ಡವ್ವನದು ಗುಂಡಿ ಒತ್ತುವ ಫೋನು. ಆಕೆಗೆ ಇಂಟರ್‌ನೆಟ್ ಬೇಕಿಲ್ಲ. ಬ್ಯಾಂಕಿನ ಮೆಸೇಜ್, ಒಟಿಪಿ, ಮಗಳ ಕರೆ ಇಷ್ಟೇ ಸಾಕು. ಆದರೂ ಬಹಳ ದಿನ ಜಿಬಿ ಲೆಕ್ಕದ ಪ್ಯಾಕ್‌ಗೇ ದುಡ್ಡು ಕಟ್ಟಿದಳು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2022ರ ಜನವರಿಯಲ್ಲೇ ಪ್ರತಿ ಕಂಪನಿಯೂ ಕನಿಷ್ಠ ಒಂದು 30 ದಿನದ ಪ್ಯಾಕ್ ಇಡಬೇಕು ಅಂದಿದೆ. 2024ರ ಡಿಸೆಂಬರ್‌ನಲ್ಲಿ ಮಾತು ಮತ್ತು ಎಸ್ಸೆಮ್ಮೆಸ್‌ಗಷ್ಟೇ ಬೇರೆ ಪ್ಯಾಕ್ ಇರಲೇಬೇಕು ಅಂತಲೂ ಆದೇಶ ಮಾಡಿದೆ. ಅಂಗಡಿಯವರು ತಾವಾಗಿ ಹೇಳುವುದಿಲ್ಲ. ನಾವೇ ಬಾಯಿಬಿಟ್ಟು ಕೇಳಬೇಕು.

ಇನ್ನು ನಮ್ಮದೇ ತಪ್ಪಿನ ಮಾತು. ಇದನ್ನು ಬಿಟ್ಟು ಬರೆದರೆ ಮೇಲಿನದೆಲ್ಲ ಬರೀ ಬೈಗುಳ ಆಗುತ್ತದೆ.

ದೊಡ್ಡವ್ವ ಬಿದ್ದ ಮೂರನೇ ದಿನ ಫೋಟೊ ಸಮೇತ ಸುದ್ದಿ ಕಳಿಸಿದೆವು. ಬರಲಿಲ್ಲ. ವಾರ ಕಾದು ಡೆಸ್ಕಿಗೆ ಫೋನ್ ಮಾಡಿದರೆ, “ಅವರು ನಮಗೆ ಜಾಹೀರಾತು ಕೊಡೋರು ಅಲ್ವಾ?” ಅಂತ ನಮ್ಮನ್ನೇ ಕೇಳಿದರು. ಹೌದು. ಹಿಂದಿನ ದೀಪಾವಳಿಗೆ ಆ ಗುತ್ತಿಗೆದಾರನ ಶುಭಾಶಯದ ಜಾಹೀರಾತು ತಂದವರು ನಾವೇ. ಅದರ ಕಮಿಷನ್‌ನಲ್ಲಿ ಮನೆಗೆ ಬಟ್ಟೆ ತಂದವರೂ ನಾವೇ. ಬಿಡಿ ಸುದ್ದಿಗಾರರಿಗೆ ಸುದ್ದಿಯಿಂದ ಬರುವುದು ಪೆಟ್ರೋಲಿಗೆ ಸಾಲದು, ಹೊಟ್ಟೆ ನಡೆಯುವುದು ಜಾಹೀರಾತಿನಿಂದ. ಇದು ಕಾರಣ, ಆದರೆ ದೊಡ್ಡವ್ವನ ಎದುರು ಇದನ್ನು ಹೇಳಲು ನಮಗೆ ಬಾಯಿ ಬರಲಿಲ್ಲ. “ಬರ್ತದ ಬೇ, ನಾಳಿ ಬರ್ತದ” ಅಂತ ಎರಡು ವಾರ ಸುಳ್ಳು ಹೇಳಿದೆವು. ಕಂಪನಿಯ ಸಹಾಯವಾಣಿಗೂ ನಮಗೂ ಆಗ ಏನು ವ್ಯತ್ಯಾಸವಿತ್ತು?

ಆಮೇಲೆ ಮಾಡಿದ್ದು ಸಣ್ಣ ಕೆಲಸ. ಡಿಸೆಂಬರ್ ಕೊನೆಗೆ ದೊಡ್ಡವ್ವನ ಹೆಸರಲ್ಲೇ ಮಾಹಿತಿ ಹಕ್ಕಿನ ಅರ್ಜಿ ಬರೆದೆವು. 2005ರ ಕಾಯ್ದೆ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡಿನ ಪ್ರತಿ ಇಟ್ಟರೆ ಅದೂ ಬೇಡ. ಕೇಳಿದ್ದು ಇಷ್ಟೇ: ನಮ್ಮೂರಿನ ಪೈಪ್ ಕಾಮಗಾರಿಯ ಅಂದಾಜು ಪಟ್ಟಿ ಮತ್ತು ಅಳತೆ ಪುಸ್ತಕದ ಪ್ರತಿ ಕೊಡಿ. ಬಲಗೈ ಪಟ್ಟಿಯಲ್ಲಿತ್ತು, ದೊಡ್ಡವ್ವ ಎಡಗೈ ಹೆಬ್ಬೆಟ್ಟು ಒತ್ತಿದಳು.

30 ದಿನದಲ್ಲಿ ಉತ್ತರ ಬರಬೇಕಿತ್ತು, ಬರಲಿಲ್ಲ. ಮೊದಲ ಮೇಲ್ಮನವಿ ಹಾಕಿದ ಮೇಲೆ ಬಂತು. ಅಂದಾಜು ಪಟ್ಟಿಯಲ್ಲಿ ‘ಅಗೆದ ಕಾಂಕ್ರೀಟ್ ರಸ್ತೆ ಮೊದಲಿನಂತೆ ಮಾಡುವುದು’ ಅಂತ ಬೇರೆಯೇ ಬಾಬ್ತು ಇತ್ತು, ಮೀಟರ್ ಲೆಕ್ಕದ ಸಮೇತ. ಅಳತೆ ಪುಸ್ತಕದಲ್ಲಿ ಅದು ಮುಗಿದಿದೆ ಅಂತಲೂ ಬರೆದಿತ್ತು. ತಗ್ಗಿನ ದಂಡೆಯಲ್ಲಿ ನಿಂತು ಆ ಸಾಲು ಓದಿದಾಗ ಓಣಿಯ ಹೆಂಗಸರು ಮೊದಲು ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ಆ ಹಾಳೆಗಳನ್ನು ಜೆರಾಕ್ಸ್ ಮಾಡಿಸಿಕೊಂಡು ಹತ್ತು ಹನ್ನೆರಡು ಹೆಂಗಸರು ಗ್ರಾಮಸಭೆಗೆ ಹೋದರು. ಭಾಷಣ ಮಾಡಲಿಲ್ಲ. ಮೀಟರ್ ಲೆಕ್ಕ ಓದಿ, ನಡಾವಳಿಯಲ್ಲಿ ಬರೆಯಿರಿ ಅಂದರು. ಬರೆಯುವ ತನಕ ಏಳಲಿಲ್ಲ. ಏಪ್ರಿಲ್‌ನಲ್ಲಿ ಟ್ರ್ಯಾಕ್ಟರ್ ಬಂತು. ಗರಸು ಹಾಕಿ ತಗ್ಗು ಮುಚ್ಚಿದರು. ಕಾಂಕ್ರೀಟ್ ಇನ್ನೂ ಆಗಿಲ್ಲ, ಎರಡನೇ ಅರ್ಜಿ ಹೋಗಿದೆ. ನಳಕ್ಕೆ ನೀರು ವಾರದಲ್ಲಿ ಎರಡು ದಿನ ಬರುತ್ತದೆ. ಮಿಷನ್‌ನ ಗಡುವನ್ನು 2025ರ ಕೇಂದ್ರ ಬಜೆಟ್‌ನಲ್ಲಿ 2028ಕ್ಕೆ ಮುಂದೂಡಿದ್ದಾರೆ.

ಈ ಸಲ ನಾವು ಆ ಗುತ್ತಿಗೆದಾರನ ಹತ್ತಿರ ಜಾಹೀರಾತಿಗೆ ಹೋಗುವುದಿಲ್ಲ. ಬೇರೆಯವರು ಹೋಗುತ್ತಾರೆ, ಗೊತ್ತು. ಪೇಪರಿನಲ್ಲಿ ಬರದೇ ಹೋದದ್ದನ್ನು ಇಲ್ಲಿ ಬರೆದಿದ್ದೇವೆ. ನಿಮ್ಮ ಓಣಿಯನ್ನೂ ಅಗೆದು ಬಿಟ್ಟಿದ್ದರೆ ಮೊದಲು ಅಂದಾಜು ಪಟ್ಟಿ ಕೇಳಿ. ಬರೆಯಲು ಬರದಿದ್ದರೆ ಊರಿನ ಓದಿದ ಹುಡುಗ ಹುಡುಗಿಯರಿಗೆ ಹೇಳಿ, 150 ಪದ ದೊಡ್ಡದಲ್ಲ. ಓಟು ಕೇಳಲು ಬಂದವರಿಗೆ ಜಿಲ್ಲಾ ಪಂಚಾಯ್ತಿ ಚುನಾವಣೆ ಯಾವಾಗ ಅಂತ ಕೇಳಿ.

ದೊಡ್ಡವ್ವನ ಪಟ್ಟಿ ಬಿಚ್ಚಿ ತಿಂಗಳುಗಳಾದವು. ಮಣಿಕಟ್ಟು ಪೂರ್ತಿ ಮಡಚುವುದಿಲ್ಲ. ಮೆಣಸಿನಕಾಯಿ ಸುಗ್ಗಿ ಹೋಯಿತು, ಕೈಗಡ ತೆಗೆದು ವರ್ಷ ದಾಟಿಸುತ್ತಿದ್ದಾಳೆ. ಮೊನ್ನೆ ಗರಸಿನ ಮೇಲೆ ನಡೆದು ಬಂದು ಫೋನ್ ಕೈಗೆ ಕೊಟ್ಟಳು. “ಮತ್ತ ಮುಗದದ ನೋಡು ತಮ್ಮಾ. ಜಿಬಿ ಇಲ್ಲದ್ದು ಹಾಕು ಅಂತ ಅಂಗಡ್ಯಾಂವಗ ನೀ ಹೇಳಬ್ಯಾಡ, ನಾನ ಹೇಳ್ತೀನಿ. ಅದರ ಹೆಸರೇನ್ ಅಂದಿ?”