ಒದ್ದರೂ ಏಳದ ಯೆಜ್ಡಿ

ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ನೋಡಿಕೊಂಡು ಮೈಸೂರಿನಿಂದ ಹಿಂತಿರುಗುವ ಪ್ರವಾಸಿಗರಿಗೆ ಯಾದವಗಿರಿಯಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಆದರೆ ಐವತ್ತು ದಾಟಿದ ಯಾರನ್ನಾದರೂ ಕೇಳಿ ನೋಡಿ. 'ಜಾವಾ ಫ್ಯಾಕ್ಟರಿ ಇತ್ತಲ್ಲ' ಎನ್ನುತ್ತಾರೆ. ಆ 'ಇತ್ತಲ್ಲ' ಎಂಬ ಮಾತಿನಲ್ಲೇ ಒಂದು ನಿಟ್ಟುಸಿರು.

ಇರಾನಿ ಕುಟುಂಬದವರು ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. ಆಗಿನ ಚೆಕೊಸ್ಲೊವಾಕಿಯಾದ ಜಾವಾ ಕಂಪೆನಿಯ ಪರವಾನಗಿ ಪಡೆದು ಇಲ್ಲಿ ಬೈಕುಗಳನ್ನು ತಯಾರಿಸಲಾಯಿತು. 1973ರಿಂದ ಅವು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ರಸ್ತೆಗೆ ಬಂದವು ನಿಜ. ಆದರೆ ಅವು ಹೊಸ ಗಾಡಿಗಳು, ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಮೈಸೂರಿನಲ್ಲಿ ಹುಟ್ಟಿದ ಹಳೆಯ ಗಾಡಿಗಳು ಮಾತ್ರ ಇಂದಿಗೂ ಊರಿನ ಶೆಡ್ಡುಗಳಲ್ಲಿ, ಮೆಟ್ಟಿಲುಗಳ ಕೆಳಗೆ, ಕೆಲವು ಅದೃಷ್ಟವಂತ ಮನೆಗಳ ಮುಂದೆ ನಿಂತಿವೆ.

ಅಂಥದ್ದೊಂದನ್ನು ತಳ್ಳಿಕೊಂಡು ಒಂದು ಭಾನುವಾರ ಬೆಳಿಗ್ಗೆ ತಂದೆ-ಮಗ ಯಾದವಗಿರಿಯ ಸಮೀಪದ ಸಣ್ಣ ಗ್ಯಾರೇಜಿಗೆ ಬಂದರು. ಮಗ ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾನೆ. ಗಾಡಿ ಅವನ ತಾತನದು. ತಾತ ಆ ಕಾರ್ಖಾನೆಯಲ್ಲೇ ದುಡಿದವರು, ಎರಡು ವರ್ಷದ ಹಿಂದೆ ತೀರಿಕೊಂಡರು. ಅಂದಿನಿಂದ ಗಾಡಿಯೂ ನಿಂತಿದೆ. ಅದರ ನೋಂದಣಿಯ ಅವಧಿ ಮುಂದಿನ ತಿಂಗಳು ಮುಗಿಯುತ್ತದೆ. ಹದಿನೈದು ವರ್ಷ ಮೀರಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನವೀಕರಣ ಆಗಬೇಕು. ಆರ್‌ಟಿಓ ಕಚೇರಿಗೆ ಒಯ್ಯಬೇಕಾದರೆ ಅದು ಓಡಬೇಕು. ಓಡದಿದ್ದರೆ ಗುಜರಿಯವನಿಗೆ ಕೊಡುವುದೆಂದು ತಂದೆ ಅರ್ಧ ಒಪ್ಪಿಕೊಂಡೂ ಆಗಿದೆ.

ಮೊದಲು ಪ್ರಶ್ನೆ, ಆಮೇಲೆ ಪಾನಾ

ಮೇಸ್ತ್ರಿ ಪಾನಾ ಮುಟ್ಟಲಿಲ್ಲ. 'ಏನೇನು ಮಾಡಿದ್ದೀಯಪ್ಪ?' ಎಂದು ಹುಡುಗನನ್ನು ಕೇಳಿದರು. ಹುಡುಗ ಹೆಮ್ಮೆಯಿಂದಲೇ ಪಟ್ಟಿ ಹೇಳಿದ: ಹೊಸ ಪ್ಲಗ್, ಹೊಸ ಪ್ಲಗ್ ವೈರ್, ಹೊಸ ಬ್ಯಾಟರಿ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದದ್ದು. ಟ್ಯಾಂಕನ್ನೂ ಮುಚ್ಚಳವನ್ನೂ ಮೇಣ ಹಾಕಿ ಫಳಫಳಿಸುವಂತೆ ಉಜ್ಜಿದ್ದ.

'ಒಂದೇ ದಿನ ನಾಲ್ಕು ಬದಲಾಯಿಸಿದರೆ ಯಾವುದು ಕೆಟ್ಟಿತ್ತು, ಯಾವುದನ್ನು ನೀನೇ ಕೆಡಿಸಿದೆ ಅಂತ ಹೇಗಪ್ಪಾ ಗೊತ್ತಾಗುತ್ತೆ?' ಎಂದ ಮೇಸ್ತ್ರಿ ತಂದೆಯ ಕಡೆ ತಿರುಗಿದರು. 'ಸಾರ್, ಯಜಮಾನರು ಓಡಿಸ್ತಿದ್ದಾಗ ಗಾಡಿ ಹೇಗಿತ್ತು?'

ತಂದೆ ನೆನಪಿಸಿಕೊಂಡರು. ಕೊನೆಯ ದಿನಗಳಲ್ಲಿ ಎಂಜಿನ್ ಬಿಸಿಯಾದರೆ ಮುಕ್ಕರಿಸಿ ನಿಲ್ಲುತ್ತಿತ್ತು. ಹತ್ತು ನಿಮಿಷ ತಣ್ಣಗಾದರೆ ಮತ್ತೆ ಏಳುತ್ತಿತ್ತು. ಮೇಸ್ತ್ರಿ ತಲೆಯಾಡಿಸಿ ಸುಮ್ಮನಾದರು.

ಯಾವ ಪೆಟ್ರೋಲ್ ಎಂಜಿನ್ ಆದರೂ ಏಳಬೇಕಾದರೆ ಮೂರು ಬೇಕು: ಗಾಳಿ ಬೆರೆತ ಪೆಟ್ರೋಲ್, ಸರಿಯಾದ ಹೊತ್ತಿಗೆ ಕಿಡಿ, ಸಿಲಿಂಡರಿನೊಳಗೆ ಒತ್ತಡ. ಮೂರರಲ್ಲಿ ಯಾವುದು ಇಲ್ಲವೆಂದು ಕಂಡುಹಿಡಿಯುವುದೇ ರಿಪೇರಿಯ ಮುಕ್ಕಾಲು ಪಾಲು.

ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿದರು. ಪೆಟ್ರೋಲಿನ ಬದಲು ವಾರ್ನಿಷಿನಂಥ ವಾಸನೆ. ಎರಡು ವರ್ಷ ನಿಂತ ಪೆಟ್ರೋಲ್ ಅಂಟಾಗುತ್ತದೆ. ಅದರಲ್ಲಿ ಬೆರೆತ ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಟ್ಯಾಂಕಿನ ತಳದಲ್ಲಿ ನೀರೂ ಕೂಡುತ್ತದೆ. ಹಳೆಯದನ್ನೆಲ್ಲ ಕ್ಯಾನಿಗೆ ಇಳಿಸಿ, ಲೀಟರಿಗೆ 40 ಮಿಲಿಯಂತೆ ಆಯಿಲ್ ಬೆರೆಸಿದ ಹೊಸ ಪೆಟ್ರೋಲನ್ನು ಟ್ಯಾಂಕ್ ತುಂಬ ಹಾಕಿದರು. ಟು ಸ್ಟ್ರೋಕ್ ಎಂಜಿನ್‌ಗೆ ಪೆಟ್ರೋಲಿನ ಜೊತೆಗೇ ಎಣ್ಣೆಯೂ ಹೋಗಬೇಕು.

ಇನ್ನು ಕಿಕ್. ಯೆಜ್ಡಿಯಲ್ಲಿ ಕಿಕ್ಕರ್ ಬೇರೆ, ಗೇರ್ ಬೇರೆ ಇಲ್ಲ. ಎಡಗಡೆಯ ಒಂದೇ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಮುಂದಕ್ಕೆ ಬಿಟ್ಟರೆ ಗೇರ್. ಗೊತ್ತಿಲ್ಲದವರು ಇದನ್ನು ಹುಡುಕುತ್ತಲೇ ಅರ್ಧ ಗಂಟೆ ಕಳೆದ ಕಥೆಗಳು ಮೈಸೂರಿನಲ್ಲಿ ಬೇಕಾದಷ್ಟಿವೆ. ಹುಡುಗ ಹತ್ತು ಸಲ ಒದ್ದ. ಗಾಡಿ ಏಳಲಿಲ್ಲ.

ಮೇಸ್ತ್ರಿ ಪ್ಲಗ್ ಬಿಚ್ಚಿಸಿದರು. ತುದಿ ಒದ್ದೆಯಾಗಿತ್ತು. 'ಒದ್ದೆ ಅಂದ್ರೆ ಏನು?' ಎಂದು ಕೇಳಿದರು. 'ಪೆಟ್ರೋಲ್ ಬರ್ತಿದೆ' ಎಂದ ಹುಡುಗ. ಒಣಗಿದ್ದರೆ ಕಾರ್ಬ್ಯುರೇಟರಿನ ಕಡೆ ನೋಡಬೇಕಿತ್ತು. ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಕಿಕ್ ಮಾಡಿದಾಗ ಗಾಳಿ ಬೆರಳನ್ನು ಬಲವಾಗಿ ತಳ್ಳಿತು. ಒತ್ತಡವೂ ಇದೆ. ಉಳಿದದ್ದು ಕಿಡಿ.

ಒಂದು ಕಿಡಿಯ ಬೆಲೆ

ಪೆಟ್ರೋಲ್ ಕ್ಯಾನನ್ನು ದೂರ ಇಟ್ಟು, ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ತೂತಿನಿಂದ ಆಚೆಗೆ ಎಂಜಿನ್ನಿನ ಲೋಹಕ್ಕೆ ತಾಗಿಸಿ ಕಿಕ್ ಮಾಡಿದರು. ಏನೂ ಇಲ್ಲ. ಬಲಗಡೆಯ ಕವರ್ ಬಿಚ್ಚಿದರೆ ಒಳಗೆ ಪಾಯಿಂಟ್ಸ್, ಅಂದರೆ ತೆರೆದು ಮುಚ್ಚುವ ಎರಡು ಪುಟ್ಟ ಲೋಹದ ಬಿಲ್ಲೆಗಳು. ಎಂಜಿನ್ನಿನ ಪ್ರತಿ ಸುತ್ತಿಗೂ ಒಮ್ಮೆ ಇವು ತೆರೆದುಕೊಳ್ಳಬೇಕು. ನಿಮಿಷಕ್ಕೆ 3000 ಸುತ್ತು ಎಂದರೆ ಸೆಕೆಂಡಿಗೆ 50 ಬಾರಿ. ನಿಂತು ನಿಂತು ಅವುಗಳ ಮೇಲೆ ಕಿಲುಬಿನ ಪೊರೆ ಕಟ್ಟಿತ್ತು. ನಯವಾದ ಎಮರಿ ಕಾಗದದಿಂದ ಉಜ್ಜಿ, ಬಟ್ಟೆಯಿಂದ ಒರೆಸಿ, ಫೀಲರ್ ಗೇಜ್ ಇಟ್ಟು ಸಂದನ್ನು 0.4 ಮಿಲಿಮೀಟರಿಗೆ ಹೊಂದಿಸಿದರು.

ಈಗ ಕಿಡಿ ಬಂತು. ಆದರೆ ಹಳದಿ ಬಣ್ಣದ, ಜೀವವಿಲ್ಲದ ಕಿಡಿ. ಅದಕ್ಕಿಂತ ಜೋರಾಗಿ ಪಾಯಿಂಟ್ಸ್ ನಡುವೆಯೇ ಚಟಪಟ ಎನ್ನುತ್ತಿತ್ತು.

'ಕಂಡೆನ್ಸರ್' ಎಂದರು ಮೇಸ್ತ್ರಿ. 'ನಿಮ್ಮ ತಂದೆ ಆಗಲೇ ಹೇಳಿದ್ರಲ್ಲ.'

ಪಿಯುಸಿಯಲ್ಲಿ ಫ್ಯಾರಡೆಯ ನಿಯಮ ಓದಿದ್ದ ಹುಡುಗನಿಗೆ ಆ ಕ್ಷಣ ಪಾಠ ಅರ್ಥವಾಯಿತು. ಕಾಯಿಲಿನಲ್ಲಿ ಹರಿಯುವ ವಿದ್ಯುತ್ತು ತಟ್ಟನೆ ನಿಂತರೆ ಮಾತ್ರ ಸಾವಿರಾರು ವೋಲ್ಟಿನ ಕಿಡಿ ಹುಟ್ಟುತ್ತದೆ. ಪಾಯಿಂಟ್ಸ್ ತೆರೆದಾಗ ಆ ವಿದ್ಯುತ್ತು ಸಂದನ್ನು ಹಾರಿ ಹರಿಯುತ್ತಲೇ ಇರಲು ನೋಡುತ್ತದೆ. ಹಾಗೆ ಹಾರದಂತೆ ಅದನ್ನು ತನ್ನೊಳಕ್ಕೆ ಎಳೆದುಕೊಳ್ಳುವುದು ಕಂಡೆನ್ಸರಿನ ಕೆಲಸ. ಅದು ಸೋತರೆ, ಅದರಲ್ಲೂ ಬಿಸಿಯಲ್ಲಿ, ಕಿಡಿ ಬಡವಾಗುತ್ತದೆ. ತಾತನ ಕಾಲದಲ್ಲೇ ಶುರುವಾಗಿದ್ದ ರೋಗ ಇದು. ಹೊಸ ಪ್ಲಗ್, ಹೊಸ ಬ್ಯಾಟರಿಗೆ ಹಾಕಿದ ಹಣ ರೋಗದ ಹತ್ತಿರಕ್ಕೂ ಹೋಗಿರಲಿಲ್ಲ.

ಹೆಬ್ಬೆರಳ ಗಾತ್ರದ ಹೊಸ ಕಂಡೆನ್ಸರ್ ಕೂತ ಮೇಲೆ ಕಿಡಿ ನೀಲಿಯಾಯಿತು. ಪೆಟ್ರೋಲ್ ನಲ್ಲಿ ಮುಚ್ಚಿ, ಎಕ್ಸಲರೇಟರ್ ಪೂರ್ತಿ ತಿರುಗಿಸಿ, ಪ್ಲಗ್ ಇಲ್ಲದೆಯೇ ನಾಲ್ಕು ಸಲ ಒದ್ದು ಒಳಗೆ ನಿಂತಿದ್ದ ಪೆಟ್ರೋಲನ್ನು ಆರಿಸಿದರು. ಪ್ಲಗ್ ಒರೆಸಿ ಹಾಕಿ, ನಲ್ಲಿ ತಿರುಗಿಸಿ, ಮತ್ತೆ ಕಿಕ್. ಮೂರನೆಯ ಒದೆತಕ್ಕೆ ಗಾಡಿ ಎದ್ದಿತು. ಎರಡೂ ಸೈಲೆನ್ಸರಿನಿಂದ ನೀಲಿ ಹೊಗೆ, ಹಳೆಯ ಯೆಜ್ಡಿಯ ಆ ಪರಿಚಿತ ಡುಗುಡುಗು. ಪಕ್ಕದ ಟೀ ಅಂಗಡಿಯಲ್ಲಿದ್ದವರು ಲೋಟ ಹಿಡಿದುಕೊಂಡೇ ಎದ್ದು ಬಂದರು.

ಕೆಆರ್‌ಎಸ್ ರಸ್ತೆಯಲ್ಲಿ

'ಒಂದು ರೌಂಡ್ ಹೋಗಿ ಬಾ' ಎಂದರು ಮೇಸ್ತ್ರಿ. ಹುಡುಗ ಹೆಲ್ಮೆಟ್ ಹಾಕಿದ. ತಂದೆ ಮತ್ತೊಂದು ಹೆಲ್ಮೆಟ್ ತೆಗೆದುಕೊಂಡು ಹಿಂದೆ ಕೂತರು. ಆ ಸೀಟಿನಲ್ಲಿ ಅವರು ಕೂರುತ್ತಿದ್ದದ್ದು ತಮ್ಮ ತಂದೆಯ ಬೆನ್ನಿಗೆ ಅಂಟಿಕೊಂಡು, ಶಾಲೆಗೆ ಹೋಗುವಾಗ. ಕಾರ್ಖಾನೆ ಇದ್ದ ಜಾಗದ ಬಳಿ ಬಂದಾಗ ಹುಡುಗ ವೇಗ ತಗ್ಗಿಸಿದ. ಇಬ್ಬರೂ ಮಾತನಾಡಲಿಲ್ಲ.

ಕೆಆರ್‌ಎಸ್ ರಸ್ತೆ ಹಿಡಿದು, ರಿಂಗ್ ರಸ್ತೆ ದಾಟುವ ಮೊದಲೇ ಗಾಡಿ ಮುಕ್ಕರಿಸಿ ನಿಂತಿತು.

'ನಾನು ಹೇಳಲಿಲ್ವೇನೋ? ಇದು ಆಗೋ ಮಾತಲ್ಲ. ತಳ್ಳು' ಎಂದರು ತಂದೆ.

ಹುಡುಗ ತಳ್ಳಲಿಲ್ಲ. ಪ್ಲಗ್ ಬಿಚ್ಚಿದ. ಕಿಡಿ ನೀಲಿಯೇ ಇತ್ತು, ಆದರೆ ತುದಿ ಒಣಗಿತ್ತು. ಹಾಗಾದರೆ ಪೆಟ್ರೋಲ್ ಬರುತ್ತಿಲ್ಲ. ಟ್ಯಾಂಕ್ ತುಂಬಿದೆ, ನಲ್ಲಿ ತೆರೆದಿದೆ. ಮತ್ತೇಕೆ ಬರುತ್ತಿಲ್ಲ? ಒಂದು ನಿಮಿಷ ಯೋಚಿಸಿ ಟ್ಯಾಂಕಿನ ಮುಚ್ಚಳ ತಿರುಗಿಸಿದ. 'ಸುಸ್' ಎಂದು ಗಾಳಿ ಒಳಗೆ ನುಗ್ಗಿತು. ಮುಚ್ಚಳದಲ್ಲಿ ಗಾಳಿಯಾಡಲು ಸೂಜಿಮೊನೆಯಷ್ಟು ತೂತಿರುತ್ತದೆ. ಅದು ಮುಚ್ಚಿದರೆ, ಪೆಟ್ರೋಲ್ ಇಳಿದ ಜಾಗಕ್ಕೆ ಗಾಳಿ ಬಾರದೆ ಇಳಿಯುವುದೇ ನಿಂತುಹೋಗುತ್ತದೆ. ಆ ತೂತಿನಲ್ಲಿ ಬೆಳ್ಳಗೆ ಗಟ್ಟಿಯಾಗಿ ಕೂತಿದ್ದದ್ದು, ಅವನೇ ಪ್ರೀತಿಯಿಂದ ಉಜ್ಜಿದ ಮೇಣ.

'ಕೆಡಿಸಿದ್ದು ನಾನೇ, ಅಪ್ಪಾ' ಎಂದ.

ತಂದೆ ಏನೂ ಅನ್ನಲಿಲ್ಲ. ಕೀ ಗೊಂಚಲಿನಲ್ಲಿದ್ದ ಸೇಫ್ಟಿ ಪಿನ್ ಬಿಡಿಸಿ ಕೊಟ್ಟರು. ತೂತು ಬಿಡಿಸಿ, ಪ್ಲಗ್ ಕೂರಿಸಿ ಒದ್ದಾಗ ಗಾಡಿ ಎರಡನೆಯ ಕಿಕ್ಕಿಗೇ ಎದ್ದಿತು.

ಗ್ಯಾರೇಜಿಗೆ ಮರಳಿದಾಗ ಓಡಿಸುತ್ತಿದ್ದವರು ತಂದೆ. ಹಿಂದೆ ಕೂತಿದ್ದ ಹುಡುಗ ನಡೆದದ್ದನ್ನು ಹೇಳಿದ. ಮೇಸ್ತ್ರಿ ನಕ್ಕು, ಕಂಡೆನ್ಸರಿನ ದುಡ್ಡು, ಕೂಲಿ ಎರಡನ್ನೂ ಎಣಿಸಿಕೊಂಡರು. ಹಳೆಯ ಕಂಡೆನ್ಸರನ್ನು ಹುಡುಗ ಜೇಬಿಗೆ ಹಾಕಿಕೊಂಡ. ಅಷ್ಟರಲ್ಲಿ ತಂದೆಯ ಫೋನ್ ಬಾರಿಸಿತು. ಗುಜರಿಯವನು.

'ಇಲ್ಲಪ್ಪ, ಕೊಡಲ್ಲ' ಎಂದರು ಅವರು. ಫೋನ್ ಇಟ್ಟು, ಆರ್‌ಟಿಓ ಕಚೇರಿಗೆ ಯಾವ ದಿನ ಹೋದರೆ ಒಳ್ಳೆಯದೆಂದು ಮೇಸ್ತ್ರಿಯನ್ನು ವಿಚಾರಿಸಿದರು.