ಹಕ್ಕಲು ಯಾರದು?



ಕಡಲೆಕಾಯಿ ಕಿತ್ತ ಮೇಲೆ ಮಣ್ಣಿನಲ್ಲಿ ಉಳಿದ ಕಾಯಿಗೆ ನಮ್ಮ ಮಡಕಶಿರಾ ಸೀಮೆಯ ತೆಲುಗಿನವರು ಪರಿಗೆ ಅನ್ನುತ್ತಾರೆ. ನಮ್ಮ ಕನ್ನಡ ಬೈಬಲಿನಲ್ಲಿ ಅದು ಹಕ್ಕಲು. ರೂತಳು ಬೇತ್ಲೆಹೇಮಿನ ಹೊಲದಲ್ಲಿ ತೆನೆ ಆಯ್ದದ್ದೂ ಹಕ್ಕಲೇ.

ಒಂದು ವರ್ಷ ಮಳೆ ಕೈಕೊಟ್ಟಿತ್ತು. ಗಿಡಕ್ಕೆ ನಾಲ್ಕೈದು ಕಾಯಿ, ಅಷ್ಟೇ. ಕಿತ್ತ ಗಿಡವನ್ನು ಹೊಲದಲ್ಲೇ ಗುಡ್ಡೆ ಹಾಕಿ, ಅಪ್ಪ ನಮ್ಮನ್ನು, ಅಂದರೆ ಅಣ್ಣತಮ್ಮಂದಿರನ್ನು, ಕಾವಲಿಗೆ ಕಳಿಸಿದ್ದರು. ನಸುಕಿನಲ್ಲಿ ಒಬ್ಬ ತಾಯಿ ಇಬ್ಬರು ಮಕ್ಕಳ ಜೊತೆ ಬಂದು ಹೊಲದ ಅಂಚಿನಲ್ಲಿ ಮಣ್ಣು ಕೆದಕುತ್ತಿದ್ದಳು. ಗುಡ್ಡೆಯ ಹತ್ತಿರಕ್ಕೂ ಬಂದಿರಲಿಲ್ಲ. ನಾವು "ಕಳ್ಳರು" ಎಂದು ಕೂಗಿ ಓಡಿಸಿದೆವು. ಸೆರಗಿನಲ್ಲಿದ್ದ ಕಾಯನ್ನೂ ಸುರಿಸಿಕೊಂಡೆವು. ಎರಡು ಸೇರೂ ಇರಲಿಲ್ಲ.

ಅದನ್ನು ತಂದು ಹೆಮ್ಮೆಯಿಂದ ಅಜ್ಜಿಯ ಮುಂದೆ ಇಟ್ಟೆವು. ಅಜ್ಜಿ ಮುಟ್ಟಲಿಲ್ಲ. "ನಿಮ್ಮಪ್ಪನ್ನ ನಾನು ಸಾಕಿದ್ದು ಹಿಂಗೆ ಆಯ್ದ ಕಾಯಿ ಮಾರಿನೇ ಕಣ್ರಪ್ಪಾ" ಅಂದು ಒಳಗೆ ಹೋದರು.

ಬಹಳ ವರ್ಷಗಳ ನಂತರ ಯೌವನಸ್ಥರ ಬೈಬಲ್ ಅಧ್ಯಯನದಲ್ಲಿ ಆ ಮಾತು ಮತ್ತೆ ನಮ್ಮನ್ನು ಹಿಡಿಯಿತು. ಯೆಹೂದ್ಯರು ಮೋಶೆಯ ಐದು ಗ್ರಂಥಗಳನ್ನು ವಾರಕ್ಕೊಂದು ಭಾಗದಂತೆ ವರ್ಷವಿಡೀ ಓದುತ್ತಾರೆ. 'ಕೆದೋಶಿಮ್' ಎಂಬ ಭಾಗದಲ್ಲಿ, ಹೊಲದ ಮೂಲೆಗಳನ್ನು ಪೂರ್ತಿ ಕೊಯ್ಯಬಾರದು, ಹಕ್ಕಲನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಎಂಬ ಆಜ್ಞೆಯಿದೆ (ಯಾಜಕಕಾಂಡ 19:9-10). ಮುಂದಿನ ಭಾಗ 'ಎಮೋರ್'ನಲ್ಲಿ ಹಬ್ಬಗಳ ಪಟ್ಟಿ ಬರುತ್ತದೆ. ಅಲ್ಲಿ ನಮ್ಮ ಪಂಚಾಶತ್ತಮಕ್ಕೆ ಮೂಲವಾದ ಸುಗ್ಗಿಯ ಹಬ್ಬ 'ಶಾವುವೋಟ್' ಮುಗಿದ ಕೂಡಲೇ ಇದೇ ಆಜ್ಞೆ ಮತ್ತೆ ಬರುತ್ತದೆ (23:22). ಬಡವನ ಪಾಲು ಬಿಡದೆ ಸುಗ್ಗಿ ಹಬ್ಬ ಪೂರ್ತಿಯಾಗದು ಎಂದು ನಮಗೆ ತೋಚಿತು. ಆ ಹಬ್ಬದಲ್ಲಿ ಸಭಾಮಂದಿರಗಳಲ್ಲಿ ರೂತಳ ಪುಸ್ತಕವನ್ನೇ ಓದುತ್ತಾರೆ.

ಸುಮಾರು ಕ್ರಿ.ಶ. 200ರಲ್ಲಿ ಯೆಹೂದಿ ಗುರುಗಳು ಒಟ್ಟುಗೂಡಿಸಿದ ಮಿಷ್ನಾದಲ್ಲಿ ಇದಕ್ಕೆ ಲೆಕ್ಕವೂ ಇದೆ. ಮೂಲೆಯ ಪಾಲು ಬೆಳೆಯ ಅರವತ್ತರಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇರಬಾರದು. ಹಕ್ಕಲಾಯಲು ಬಿಡದವನು, ಇಲ್ಲವೆ ಒಬ್ಬರಿಗೆ ಬಿಟ್ಟು ಇನ್ನೊಬ್ಬರನ್ನು ತಡೆಯುವವನು, ಬಡವರನ್ನು ದೋಚುವವನು ಎಂದು ಅದು ಹೇಳುತ್ತದೆ. ಇದನ್ನು ಕೇಳಿ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ನಸುಕಿನಲ್ಲಿ ಹೊಲದಲ್ಲಿ ಕಳ್ಳರಿದ್ದದ್ದು ನಿಜ. ಅವರು ನಾವೇ.

ಧರ್ಮೋಪದೇಶಕಾಂಡ 24ರಲ್ಲಿ ದೇವರು ಈ ಆಜ್ಞೆಗೆ ಕಾರಣವನ್ನೂ ಕೊಡುತ್ತಾನೆ: ನೀವೂ ಐಗುಪ್ತದಲ್ಲಿ ದಾಸರಾಗಿದ್ದದ್ದನ್ನು ನೆನಪಿಡಿರಿ. ಓದು ಬರದ ನಮ್ಮ ಅಜ್ಜಿ ಹೇಳಿದ್ದೂ ಅದನ್ನೇ. ನಮ್ಮ ಐಗುಪ್ತ ಬಹಳ ದೂರದ್ದಲ್ಲ, ಎರಡೇ ತಲೆಮಾರು ಹಿಂದಿನದು.

ಈಗ ನಮ್ಮ ಹೊಲದಂಚಿನ ಎರಡು ಸಾಲು ಕೀಳುವುದಿಲ್ಲ. ಮೊದಲು ಅಪ್ಪ ಗೊಣಗಿದರು, ಈಗ ಅವರೇ ನೆನಪಿಸುತ್ತಾರೆ. ಯಾರು ಯಾರೋ ಬಂದು ಆಯ್ದುಕೊಂಡು ಹೋಗುತ್ತಾರೆ. ಆ ತಾಯಿ ಮಾತ್ರ ಮತ್ತೆ ಬರಲಿಲ್ಲ.

ಸುಗ್ಗಿ ಹಬ್ಬಕ್ಕೆ ದೇವಾಲಯಕ್ಕೆ ಕಾಣಿಕೆ ತರುವ ಮುಂಚೆ ಒಮ್ಮೆ ಕೇಳಿಕೊಳ್ಳೋಣ: ನಮ್ಮ ಹೊಲದ, ಸಂಬಳದ, ಸಮಯದ ಮೂಲೆ ಯಾರಿಗಾಗಿ ಉಳಿದಿದೆ? ನಾವು ಯಾರನ್ನಾದರೂ ಓಡಿಸಿದ್ದರೆ, ಅವರು ಸಿಗುವಷ್ಟರಲ್ಲೇ ಹೋಗಿ ಕರೆತರೋಣ.